ಸಿಹಿಗುಂಬಳ: ಹೂ ಬಿಟ್ಟರೂ ಕಾಯಿ ಯಾಕೆ ನಿಲ್ಲಲ್ಲ?

ಪುಣೆಯ ಹೊರಗೆ ಬಾಡಿಗೆಗೆ ತಗೊಂಡ ಸಣ್ಣ ಜಾಗದಲ್ಲಿ ಸಿಹಿಗುಂಬಳ ಹಾಕಿದ್ದೆ. ಧಾರವಾಡದ ಮನೆಯಲ್ಲಿ ಅವ್ವನ ಡಬ್ಬಿಯೊಳಗೆ ಉಳಿದಿದ್ದ ಕೊನೆಯ ಬೀಜ ಅವು.

ಬಳ್ಳಿ ತುಂಬ ಹೂ ಬಿಟ್ಟವು, ಎಲ್ಲಾ ಉದುರಿದವು. ಬಗ್ ಎಲ್ಲಿದೆ ಅಂತ ನೋಡದೆ ಪ್ಯಾಚ್ ಹಾಕಿದ ಹಾಗೆ ಗೊಬ್ಬರ ಸುರಿದೆ. ಆದರೆ ಅವೆಲ್ಲ ಗಂಡು ಹೂ. ಸಾಮಾನ್ಯವಾಗಿ ಅವೇ ಮೊದಲು ಬರೋದು, ಉದುರೋದು ಸಹಜ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತೆ. ಅವೂ ಬಂದವು, ಕಾಯಿ ಹಳದಿಯಾಗಿ ಕಳಚಿದವು. ಪರಾಗ ತಲುಪಿರಲಿಲ್ಲ.

ಹೂ ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುಚ್ಚುತ್ತೆ. ಅಷ್ಟರೊಳಗೆ ಜೇನು ಬರದಿದ್ದರೆ, ಗಂಡು ಹೂವಿನ ಎಸಳು ಕಿತ್ತು, ಒಳಗಿನ ಪರಾಗವನ್ನು ಹೆಣ್ಣು ಹೂವಿನ ನಡುವೆ ನಾವೇ ಸವರಬೇಕು. ಒಂದು ಭಾನುವಾರ ಬೆಳಿಗ್ಗೆ 7ಕ್ಕೆ ಹಾಗೆ ಮಾಡಿದೆ. ಉಳಿದಿದ್ದು ಎರಡೇ ಹೆಣ್ಣು ಹೂ; ಒಂದು ಕಾಯಿ ನಿಂತಿತು.

ತೊಟ್ಟು ಒಣಗಿ, ಸಿಪ್ಪೆಗೆ ಉಗುರು ಇಳಿಯದಾದಾಗ ತೊಟ್ಟು ಸಮೇತ ಕುಯ್ಯಬೇಕು ನೋಡ್ರಿ. ತುರಿದು, ಬೆಲ್ಲದ ಜೊತೆ ಬೇಯಿಸಿ, ಗೋಧಿಹಿಟ್ಟು ಕಲಸಿ ಗಾರಿಗೆ ಕರಿದೆ. ಪಕ್ಕದ ಮನೆಯ ಮರಾಠಿ ಅಜ್ಜಿ ತಿಂದು, ‘ಇದು ನಮ್ಮ ಘಾರಗೆ!’ ಅಂದ್ರು.

ಅವ್ವನಿಗೆ ಫೋನ್ ಮಾಡಿದೆ. ರುಚಿ ಕೇಳಲಿಲ್ಲ. “ಬೀಜ ತಗದಿಟ್ಟಿ ಇಲ್ಲೋ?” ಅಂದಳು.

ಇಟ್ಟೀನಿ.