ನಿಮಗಿದು ಗೊತ್ತೆ? ಚೀನಾದಲ್ಲೂ ಅಡಿಕೆ ಜಗಿಯುತ್ತಾರೆ!
ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸೀಮೆಯ ತೋಟಗಳ ಅಡಿಕೆಗೆ ಚೀನಾದಲ್ಲೂ ಬಂಧುಗಳಿವೆ. ಅಲ್ಲಿನ ಹೈನಾನ್ ದ್ವೀಪದಲ್ಲಿ ಅಡಿಕೆ ಬೆಳೆಯುತ್ತದೆ. ಜಗಿಯುವ ಚಟಕ್ಕೆ ಹೆಸರಾದದ್ದು ಹುನಾನ್ ಪ್ರಾಂತ್ಯ, ಅದರಲ್ಲೂ ಶಿಯಾಂಗ್ತಾನ್ ನಗರ.

ಚನ್ನಗಿರಿಯಲ್ಲಿ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಕೆಂಪು ರಾಶಿ ಅಡಿಕೆ ಸಿದ್ಧ. ಹುನಾನ್‌ನಲ್ಲಿ ಇದು ತಿರುಗುಮುರುಗು! ನಾವು ಬಿಸಾಡುವ ನಾರಿನ ಸಿಪ್ಪೆಯೇ ಅಲ್ಲಿ ಮುಖ್ಯ. ಎಳೆಯ ಕಾಯಿ ಒಣಗಿಸಿ, ಸೀಳಿ, ಸುಣ್ಣ ಬೆರೆತ ಸಿಹಿ ಪಾಕ ಸವರಿ ಜಗಿಯುತ್ತಾರೆ. ವೀಳ್ಯದೆಲೆಯ ಹಂಗಿಲ್ಲ.

ಅಡಿಕೆಯ ಚೀನೀ ಹೆಸರು ‘ಬಿನ್‌ಲಾಂಗ್’. ಮಲಯ ಭಾಷೆಯ ‘ಪಿನಾಂಗ್’ ಇದರ ಮೂಲ ಎನ್ನುತ್ತಾರೆ ಭಾಷಾತಜ್ಞರು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2003ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. 2021ರಲ್ಲಿ ಚೀನಾ, ಟಿವಿ, ರೇಡಿಯೊ ಮತ್ತು ಅಂತರ್ಜಾಲದ ಕಾರ್ಯಕ್ರಮಗಳಲ್ಲಿ ಅಡಿಕೆ ಜಾಹೀರಾತು ನಿಲ್ಲಿಸಿತು.