ಗೀಸರ್ ಕೆಟ್ಟರೆ ದುಡ್ಡು ಯಾರದು?

ಹುಣಸೂರಲ್ಲೋ ಪಿರಿಯಾಪಟ್ಟಣದಲ್ಲೋ ಮೇಲ್ಮನೆ ಬಾಡಿಗೆಗೆ ಕೊಟ್ಟಿದ್ದೀರಾ? ಹಾಗಾದ್ರೆ ಬೆಳಗ್ಗೆ ಆರಕ್ಕೇ ಬರೋ ಫೋನು ಗೊತ್ತೇ ಇರುತ್ತೆ: "ಸಾರ್, ಗೀಸರ್ ಓಡ್ತಿಲ್ಲ."

ದುಡ್ಡು ಯಾರದು? ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೀಗೆ ಹಂಚುತ್ತೆ: ಸುಣ್ಣಬಣ್ಣ, ಪೈಪು, ವೈರಿಂಗ್ ಮಾಲೀಕರದ್ದು. ನಲ್ಲಿ ವಾಷರ್, ಸ್ವಿಚ್ಚು, ಹೌದು, ಗೀಸರ್ ರಿಪೇರಿ ಕೂಡ ಬಾಡಿಗೆದಾರರದ್ದು. ಕರಾರಿನಲ್ಲಿ ಬೇರೆ ಬರೆದಿದ್ರೆ ಅದೇ ಲೆಕ್ಕ. ಇದು ಮಾದರಿ ಅಷ್ಟೇ, ಅದಕ್ಕೇ ಕರಾರಲ್ಲಿ ಬರೆಸ್ಕೊಳ್ಳಿ. ಬೋರ್‌ವೆಲ್ಲಿನ ಗಡಸು ನೀರಿಗೆ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತೆ. ಆ ತಪ್ಪನ್ನ ಬಾಡಿಗೆದಾರರ ತಲೆಗೆ ಕಟ್ಟೋದು ನನಗಂತೂ ಸರಿ ಕಾಣಲ್ಲ.

ಕರೆಂಟಿಗೆ ಬರೋಣ. 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಅರ್ಧ ಗಂಟೆ ಹಾಕಿದ್ರೆ 1 ಯೂನಿಟ್, ತಿಂಗಳಿಗೆ 30. ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕು. ಎರಡು ಮನೆಗೆ ಒಂದೇ ಮೀಟರಾ? ಚಾಮುಂಡೇಶ್ವರಿ ವಿದ್ಯುತ್ ನಿಗಮದ ಕಚೇರಿಗೆ ಹೋಗಿ, ಬೇರೆ ಮೀಟರ್ ಹಾಕಿಸಿ. ಬಾಡಿಗೆದಾರರೂ ಯೋಜನೆಗೆ ಅರ್ಹರು. ಖಾಲಿ ಮಾಡುವಾಗ ಅವರ ಆಧಾರ್ ಜೋಡಣೆ ತೆಗೆಸೋದು ಮರೀಬೇಡಿ.

ಇನ್ನು ರಿಪೇರಿ ಬಿಲ್ಲು. ಆದಾಯ ತೆರಿಗೆ ಲೆಕ್ಕದಲ್ಲಿ, ಬಾಡಿಗೆ ಆದಾಯದಲ್ಲಿ ಮನೆ ಕಂದಾಯ ಕಳೆದು ಉಳಿದಿದ್ದರಲ್ಲಿ 30% ವಿನಾಯಿತಿ ಹೇಗೂ ಸಿಗುತ್ತೆ. ನೀವು ಒಂದು ಬಲ್ಬು ಬದಲಾಯಿಸದಿದ್ರೂ ಅಷ್ಟೇ, ಹೊಸ ಮೋಟರ್ ಕೂರಿಸಿದ್ರೂ ಅಷ್ಟೇ.