ಬೀಜದ ಚೀಟಿಯಲ್ಲಿ ಒಂದು ಪದ, ಎರಡು ಕೆಲಸ



ಮೇಗರವಳ್ಳಿಯ ಸುತ್ತಿನ ಹಳ್ಳಿಗಳಲ್ಲಿ ಮುಂಗಾರಿನ ಮಳೆ ಹಿಡಿಯಿತೆಂದರೆ ಬತ್ತದ ಅಗೆ ಹಾಕುವ ಕೆಲಸ ಆರಂಭವಾಗುತ್ತದೆ. ಆಗ ಕೊಂಡು ತಂದ ಬೀಜದ ಚೀಲದ ಚೀಟಿಯಲ್ಲಿ ಇಂಗ್ಲಿಷ್ ಪದಗಳೇ ಹೆಚ್ಚು. ಅವುಗಳಲ್ಲಿ ‘ಟ್ರೀಟೆಡ್’ ಎಂಬ ಒಂದು ಪದವನ್ನು ತಪ್ಪಾಗಿ ತಿಳಿದರೆ ಮನೆಮಂದಿಗೂ ದನಕರುಗಳಿಗೂ ಅಪಾಯವುಂಟು.

ಹಿಂದೊಮ್ಮೆ ಹಿರಿಯರೊಬ್ಬರು ಬಿತ್ತಿ ಉಳಿದ ಬೀಜವನ್ನು ಕೋಳಿಗೆ ಹಾಕಲು ಅಂಗಳಕ್ಕೆ ತಂದಿದ್ದರು. ಶಾಲೆಗೆ ಹೋಗುವ ಮೊಮ್ಮಗ ಚೀಟಿ ಓದಿ, “ಔಷಧಿ ಹಚ್ಚಿರಿ ಎಂದು ಬರೆದಿದೆ ಅಜ್ಜಯ್ಯ” ಎಂದಿದ್ದ. “ನಾವು ಹಚ್ಚಲೇ ಇಲ್ಲವಲ್ಲ, ಇದು ಬರೀ ಬತ್ತವೇ ಸೈ” ಎಂದು ಹಿರಿಯರು ನಂಬಿದ್ದರು. ಆ ಹೊತ್ತಿಗೆ ನಾನು ಹೋದೆನಾಗಿ ಕೋಳಿಗಳು ಉಳಿದವು. ಹುಡುಗನಿಗೆ ಪದ ಗೊತ್ತಿತ್ತು. ಅಲ್ಲಿ ಆ ಪದ ಮಾಡುವ ಕೆಲಸ ಗೊತ್ತಿರಲಿಲ್ಲ.

ನಾವು “ಅಡಿಕೆ ಒಣಗಿತು” ಎನ್ನುತ್ತೇವೆ. “ಒಣಗಿದ ಅಡಿಕೆ” ಎಂದೂ ಎನ್ನುತ್ತೇವೆ. ಮೊದಲನೆಯದು ನಡೆದ ಕ್ರಿಯೆ. ಎರಡನೆಯದು ಎಂಥ ಅಡಿಕೆ ಎಂದು ತಿಳಿಸುವ ವಿಶೇಷಣ. ಕನ್ನಡದಲ್ಲಿ ಪದದ ಕೊನೆ ಬದಲಾಗುವುದರಿಂದ ನಮಗೆ ಗೊಂದಲವಿಲ್ಲ. ಇಂಗ್ಲಿಷಿನಲ್ಲಿ ಎರಡು ಕಡೆಯೂ ‘ಡ್ರೈಡ್’ ಎಂಬ ಒಂದೇ ರೂಪ. ‘ಟ್ರೀಟೆಡ್’ ಕೂಡ ಹಾಗೆಯೇ. ಆದುದರಿಂದ ಪದ ನಿಂತ ಜಾಗವನ್ನು ನೋಡಬೇಕು. ವಸ್ತುವಿನ ಹೆಸರಿನ ಮುಂದೆಯೇ ನಿಂತಿದ್ದರೆ ಅದು ವಿಶೇಷಣ. ‘ಟ್ರೀಟೆಡ್ ಸೀಡ್’ ಎಂದರೆ ಔಷಧಿ ಹಚ್ಚಿದ ಬೀಜ. ಕೆಲಸ ಆಗಲೇ ಮುಗಿದಿದೆ. ಹಚ್ಚಿರಿ ಎಂದು ಹೇಳಬೇಕಾಗಿದ್ದರೆ ಬರಿಯ ‘ಟ್ರೀಟ್’ ಎಂದಿರುತ್ತಿತ್ತು.

ಇದೇ ರೀತಿ ‘ಸರ್ಟಿಫೈಡ್ ಸೀಡ್’ ಎಂದರೆ ಪ್ರಮಾಣೀಕರಿಸಿದ ಬೀಜ. ಇದಕ್ಕೆ ನೀಲಿ ಚೀಟಿ. ‘ನೀಮ್ ಕೋಟೆಡ್ ಯೂರಿಯಾ’ ಎಂದರೆ ಬೇವಿನೆಣ್ಣೆ ಲೇಪಿಸಿದ ಯೂರಿಯಾ. ನೀವು ಮತ್ತೆ ಲೇಪಿಸಬೇಕಾಗಿಲ್ಲ.

ಇನ್ನು ಕೆಲವು ಪದಗಳು ಯಾವ ಬದಲಾವಣೆಯೂ ಇಲ್ಲದೆ ಎರಡು ಕೆಲಸ ಮಾಡುತ್ತವೆ. ‘ಡ್ರೈ’ ಎಂದರೆ ಒಣಗಿಸು ಎಂದೂ ಆಗುತ್ತದೆ, ಒಣ ಎಂದೂ ಆಗುತ್ತದೆ. ಗೊಬ್ಬರದ ಚೀಲದ ಮೇಲಿನ ‘ಕೀಪ್ ಡ್ರೈ’ ಎಂಬುದಕ್ಕೆ ಬಿಸಿಲಿಗೆ ಹರವಿರಿ ಎಂದರ್ಥವಲ್ಲ; ತೇವ ತಾಗದಂತೆ ಇಡಿರಿ ಎಂದರ್ಥ. ನಮ್ಮ ಮಳೆಯಲ್ಲಿ ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡುವುದು ಲೇಸು.

ಔಷಧಿ ಹಚ್ಚಿದ ಬೀಜದ ಚೀಟಿಯಲ್ಲಿ ಆ ಸಂಗತಿಯನ್ನೂ ಔಷಧಿಯ ಹೆಸರನ್ನೂ ನಮೂದಿಸಬೇಕೆಂದು 1968ರ ಬೀಜ ನಿಯಮಗಳು ವಿಧಿಸಿವೆ. ಔಷಧಿ ಹಾನಿಕರವಾಗಿದ್ದರೆ ಆಹಾರಕ್ಕೆ, ಮೇವಿಗೆ, ಎಣ್ಣೆಗೆ ಬಳಸಬಾರದೆಂಬ ಎಚ್ಚರಿಕೆಯೂ ಇರತಕ್ಕದ್ದು.

ಆದುದರಿಂದ ಇವನ್ನು ಮರೆಯದಿರಿ:

1. ‘ಟ್ರೀಟೆಡ್’ ಎಂದಿರುವ ಬೀಜವನ್ನು ತೊಳೆದು ಕೂಡ ಉಣ್ಣಬಾರದು, ಕೋಳಿಗೆ, ದನಕ್ಕೆ ಹಾಕಬಾರದು, ಗಿರಣಿಗೆ ಒಯ್ಯಬಾರದು.

2. ಅದಕ್ಕೆ ಮತ್ತೊಮ್ಮೆ ಔಷಧಿ ಹಚ್ಚುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು.

3. ಉಳಿದ ಬೀಜವನ್ನು ಚೀಟಿಯಿರುವ ಚೀಲದಲ್ಲೇ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಬೇರೆ ಇಡಬೇಕು.

ಮಕ್ಕಳಿಂದ ಚೀಟಿ ಓದಿಸುವುದು ಒಳ್ಳೆಯ ರೂಢಿ. ಓದಿದ ಮೇಲೆ ಒಂದು ಪ್ರಶ್ನೆ ಕೇಳಿ: “ಮಗು, ಇದು ಮಾಡು ಎಂದು ಹೇಳುತ್ತದೆಯೋ, ಮಾಡಿ ಆಗಿದೆ ಎಂದು ಹೇಳುತ್ತದೆಯೋ?” ಉತ್ತರ ಖಚಿತವಾಗದಿದ್ದರೆ ಚೀಟಿಯನ್ನು ನಮ್ಮಲ್ಲಿಗೆ ತನ್ನಿ. ಒಟ್ಟಿಗೆ ಕುಳಿತು ಓದೋಣ.